ಮೂರು ದಿನದ ಏಲ್, ಮುನ್ನೂರು ವರ್ಷದ ಪಬ್ಬು

‘ಪಬ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಂಗಳೂರಿನವರ ಕಣ್ಣೆದುರು ಬರುವುದು ಮಂದ ಬೆಳಕಿನ ಕೋಣೆ, ಕಿವಿ ಗಡಚಿಕ್ಕುವ ಸಂಗೀತ, ಮೇಜಿನ ಮೇಲೆ ತಣ್ಣನೆಯ ಬಿಯರಿನ ಜಗ್ಗು. ಈ ಮಾತು ಹುಟ್ಟಿದ ಇಂಗ್ಲೆಂಡಿನಲ್ಲಿ ಅದರ ಅರ್ಥವೇ ಬೇರೆ. ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ ‘ಪಬ್’. ಅಂದರೆ ಸಾರ್ವಜನಿಕರ ಮನೆ. ಅಲ್ಲಿ ಮಧ್ಯಾಹ್ನದ ಹೊತ್ತು ವಯಸ್ಸಾದವರು ಪತ್ರಿಕೆ ಓದುತ್ತಾರೆ, ಸಂಜೆ ಕೆಲಸ ಮುಗಿಸಿದವರು ಊರಿನ ಸುದ್ದಿ, ಫುಟ್‌ಬಾಲು, ರಾಜಕೀಯ ಮಾತನಾಡುತ್ತಾರೆ. ನಮ್ಮ ಹಳ್ಳಿಯ ಅರಳಿಕಟ್ಟೆಗೆ ಇರುವ ಸ್ಥಾನಕ್ಕೆ ಅದು ಹತ್ತಿರ. ಕಟ್ಟೆಯ ಮೇಲೆ ಕುಳಿತವರ ನಡುವೆ ಎಲೆಯಡಿಕೆಯ ತಟ್ಟೆ ಇದ್ದರೆ, ಅಲ್ಲಿ ಕುಳಿತವರ ಮುಂದೆ ಏಲ್ ತುಂಬಿದ ಗಾಜಿನ ಲೋಟ ಇರುತ್ತದೆ.

ಹಳೆಯ ಕಾಲದ ಪಬ್ಬನ್ನು ನೋಡಬಯಸುವ ಪ್ರವಾಸಿಗೆ ಲಂಡನ್ನಿನಲ್ಲಿ ಒಳ್ಳೆಯ ಉದಾಹರಣೆ ‘ದಿ ಜಾರ್ಜ್ ಇನ್’. ಥೇಮ್ಸ್ ನದಿಯ ದಕ್ಷಿಣದಲ್ಲಿರುವ ಸದರ್ಕ್ ಬಡಾವಣೆಯ ಬರೋ ಹೈ ಸ್ಟ್ರೀಟಿನಿಂದ ಓಣಿಯಂಥ ದಾರಿಯಲ್ಲಿ ಒಳಕ್ಕೆ ಹೋದರೆ ಅಂಗಳ, ಅದರ ಬದಿಗೆ ಮರದ ಮೊಗಸಾಲೆಗಳಿರುವ ಕಟ್ಟಡ. 1676ರ ಬೆಂಕಿ ಅನಾಹುತದಲ್ಲಿ ಸುಟ್ಟುಹೋದ ಛತ್ರವನ್ನು ಮರುವರ್ಷವೇ ಕಟ್ಟಿದ್ದು ಇದು. ಕುದುರೆ ಸಾರೋಟುಗಳ ಕಾಲದಲ್ಲಿ ಪ್ರಯಾಣಿಕರು ಇಲ್ಲಿ ತಂಗುತ್ತಿದ್ದರು. ರೈಲು ಬಂದ ಮೇಲೆ ಸಾರೋಟುಗಳು ನಿಂತವು. ಇದನ್ನು ಉಗ್ರಾಣವಾಗಿ ಬಳಸಿದ ರೈಲ್ವೆ ಕಂಪನಿಯು 1889ರಲ್ಲಿ ಮೊಗಸಾಲೆಯ ಎರಡು ಪಾರ್ಶ್ವಗಳನ್ನು ಕೆಡವಿಸಿತು. ಚಾಸರ್ ಕವಿಯ ‘ಕ್ಯಾಂಟರ್ಬರಿ ಕಥೆ’ಗಳಲ್ಲಿ ಯಾತ್ರಿಕರು ಒಂದುಗೂಡುವ ‘ಟ್ಯಾಬರ್ಡ್’ ಛತ್ರ ಇದರ ನೆರೆಯಲ್ಲೇ ಇತ್ತು. ಅದು 19ನೇ ಶತಮಾನದಲ್ಲಿ ನೆಲಸಮವಾಯಿತು. ಉಳಿದ ಜಾರ್ಜ್ 1937ರಲ್ಲಿ ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂದು ಬದುಕಿಕೊಂಡಿತು.

ಇಂಥ ಪಬ್ಬಿಗೆ ಮೊದಲ ಬಾರಿ ಹೋದ ಭಾರತೀಯ ಮೇಜಿನ ಬಳಿ ಕುಳಿತು ಮಾಣಿಗಾಗಿ ಕಾಯುತ್ತಾನೆ. ಯಾರೂ ಬರುವುದಿಲ್ಲ. ಸಾಂಪ್ರದಾಯಿಕ ಪಬ್ಬಿನಲ್ಲಿ ತಾವೇ ಕಟ್ಟೆಯ ಬಳಿ ಹೋಗಿ ಕೇಳಬೇಕು, ಅಲ್ಲಿಯೇ ಹಣ ಕೊಡಬೇಕು, ಲೋಟವನ್ನು ತಾವೇ ತರಬೇಕು. ಕಟ್ಟೆಯ ಮುಂದೆ ಸಾಲು ಇರುವುದಿಲ್ಲ. ಆದರೆ ತನಗಿಂತ ಮೊದಲು ಯಾರು ಬಂದರೆಂಬುದು ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ. ಗೆಳೆಯರ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಸುತ್ತಿನ ಖರ್ಚು ಹೊರುವುದು ವಾಡಿಕೆ. ತನ್ನ ಸರದಿ ಬಂದಾಗ ಜಾರಿಕೊಳ್ಳುವವನಿಗೆ ಅಲ್ಲಿ ಮರ್ಯಾದೆ ಇಲ್ಲ.

ಕಟ್ಟೆಯ ಮೇಲೆ ಉದ್ದನೆಯ ಹಿಡಿಕೆಗಳು ಸಾಲಾಗಿ ನಿಂತಿರುತ್ತವೆ. ಪ್ರತಿ ಹಿಡಿಕೆಗೂ ಒಂದು ಬಣ್ಣದ ಬಿಲ್ಲೆ. ಅದರ ಮೇಲೆ ಏಲಿನ ಹೆಸರು ಮತ್ತು ಮದ್ಯಸಾರದ ಪ್ರಮಾಣ. ಇವು ಕೈಪಂಪುಗಳು. ಜೋಸೆಫ್ ಬ್ರಾಮಾ ಎಂಬ ಹೆಸರಾಂತ ಬೀಗ ತಯಾರಕ 1797ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಹಿಡಿಕೆಯನ್ನು ಎಳೆದಾಗ ನೆಲಮಾಳಿಗೆಯ ಪೀಪಾಯಿಯಿಂದ ಏಲ್ ಮೇಲೇರಿ ಲೋಟಕ್ಕೆ ಬೀಳುತ್ತದೆ. ಪೂರ್ತಿ ಅಳತೆ ಒಂದು ಪೈಂಟು, ಎಂದರೆ 568 ಮಿಲಿಲೀಟರ್. ಹಲವು ಬಗೆಗಳ ರುಚಿ ನೋಡಬೇಕೆನ್ನುವವರು ಅರ್ಧ ಪೈಂಟು ಕೇಳಬಹುದು. ಕೆಲವೆಡೆ ಮೂರನೇ ಒಂದು ಭಾಗವೂ ಸಿಗುತ್ತದೆ. ತಿಳಿದವರು ಮೊದಲು ಹಗುರವಾದ ‘ಬಿಟರ್’ ಅಥವಾ ‘ಮೈಲ್ಡ್’ ಹೇಳಿ, ಆಮೇಲೆ ಗಾಢ ವರ್ಣದ ‘ಪೋರ್ಟರ್’, ‘ಸ್ಟೌಟ್’ಗಳತ್ತ ಸಾಗುತ್ತಾರೆ. ಇಂಗ್ಲಿಷರು ಬೆಚ್ಚಗಿನ ಬಿಯರ್ ಕುಡಿಯುತ್ತಾರೆ ಎಂಬ ಗೇಲಿಮಾತು ಪೂರ್ತಿ ನಿಜವಲ್ಲ. ಚೆನ್ನಾಗಿ ನೋಡಿಕೊಂಡ ಏಲ್ ನೆಲಮಾಳಿಗೆಯ ತಂಪಿನಲ್ಲಿ, ಸುಮಾರು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುತ್ತದೆ. ಅದಕ್ಕಿಂತ ತಣ್ಣಗಾದರೆ ನಾಲಗೆಗೆ ಅದರ ರುಚಿಯೇ ತಿಳಿಯದು.

ಈ ಏಲನ್ನು ಅಲ್ಲಿನವರು ‘ರಿಯಲ್ ಏಲ್’, ಅಂದರೆ ನಿಜವಾದ ಏಲ್ ಎನ್ನುತ್ತಾರೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದಾಗ ಮಾಲ್ಟ್ ಆಗುತ್ತದೆ. ಅದನ್ನು ಬಿಸಿನೀರಿನಲ್ಲಿ ನೆನೆಸಿ ಸಿಹಿರಸ ತೆಗೆದು, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳನ್ನು ಹಾಕಿ ಕುದಿಸಿ, ತಣಿದ ಮೇಲೆ ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಇಷ್ಟು ಎಲ್ಲ ಬಿಯರಿಗೂ ಸಾಮಾನ್ಯ. ವ್ಯತ್ಯಾಸ ಇರುವುದು ಮುಂದೆ. ನಿಜವಾದ ಏಲನ್ನು ಕಾಯಿಸಿ ಯೀಸ್ಟನ್ನು ಕೊಲ್ಲದೆ ಜೀವಂತವಾಗಿಯೇ ಪೀಪಾಯಿಗೆ ತುಂಬುತ್ತಾರೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬುವ ಹಾಗೆ, ಪಬ್ಬಿನ ನೆಲಮಾಳಿಗೆಯಲ್ಲಿ ಅದು ಮತ್ತೆ ಹುದುಗುತ್ತದೆ, ತನ್ನ ನೊರೆಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಆದ್ದರಿಂದ ಇಲ್ಲಿ ತಯಾರಿಕೆಯ ಕೊನೆಯ ಹಂತ ನಡೆಯುವುದು ಕಾರ್ಖಾನೆಯಲ್ಲಲ್ಲ, ಪಬ್ಬಿನಲ್ಲಿ. ‘ಫರ್ಕಿನ್’ ಎಂದು ಕರೆಯುವ, ಸುಮಾರು 41 ಲೀಟರು ಹಿಡಿಯುವ ಪೀಪಾಯಿಯನ್ನು ಮಲಗಿಸಿ ಅಲುಗಾಡದಂತೆ ಇಡಬೇಕು. ಮೇಲಿನ ರಂಧ್ರಕ್ಕೆ ಮೆದು ಮರದ ಬೆಣೆ ಹೊಡೆದು ಹೆಚ್ಚಿನ ಅನಿಲವನ್ನು ಹೊರಬಿಡಬೇಕು. ಹದ ಬಂದಾಗ ಗಟ್ಟಿ ಬೆಣೆ ಹಾಕಿ ಉಳಿದ ಅನಿಲವನ್ನು ಹಿಡಿದಿಡಬೇಕು. ಗಸಿಯೆಲ್ಲ ತಳಕ್ಕೆ ಇಳಿಯುವವರೆಗೆ ಕಾಯಬೇಕು. ಒಮ್ಮೆ ಬಳಕೆಗೆ ತೆರೆದು ಗಾಳಿ ಸೋಕಿತೆಂದರೆ ಸುಮಾರು ಮೂರು ದಿನಗಳಲ್ಲಿ ಮುಗಿಸಬೇಕು. ಆಮೇಲೆ ಅದು ಹುಳಿಯಾಗುತ್ತದೆ. ಪಬ್ಬಿನ ಯಜಮಾನನ ಕೈಗುಣ ಎಂಬುದು ಇಲ್ಲಿ ಬರಿಯ ಮಾತಲ್ಲ. ಹುಳಿ ಹಿಡಿದ ಏಲನ್ನು ಗಿರಾಕಿ ಹಿಂದಿರುಗಿಸಿದರೆ ಒಳ್ಳೆಯ ಪಬ್ಬಿನಲ್ಲಿ ವಾದಿಸದೆ ಬೇರೆ ಲೋಟ ಕೊಡುತ್ತಾರೆ.

ಏಲಿನ ಇತಿಹಾಸ ಬಲು ಹಳೆಯದು. ಮಧ್ಯಯುಗದಲ್ಲಿ ಅದನ್ನು ಹೆಚ್ಚಾಗಿ ಹೆಂಗಸರೇ ಮನೆಯಲ್ಲಿ ಕಾಯಿಸಿ ಮಾರುತ್ತಿದ್ದರು. 13ನೇ ಶತಮಾನದಲ್ಲೇ ಅದರ ಬೆಲೆಯನ್ನು ಧಾನ್ಯದ ಬೆಲೆಗೆ ಹೊಂದಿಸಿ ನಿಗದಿಪಡಿಸುವ ಕಾನೂನು ಬಂತು. ಆಗ ಅದಕ್ಕೆ ಹಾಪ್ಸ್ ಇರಲಿಲ್ಲ. ಆ ಹೂವಿನ ಬಳಕೆ ಯೂರೋಪಿನ ತಗ್ಗುನಾಡುಗಳಿಂದ ಬಂದು 15ನೇ ಶತಮಾನದಲ್ಲಿ ನೆಲೆಯೂರಿತು. 1552ರಲ್ಲಿ ಏಲಿನ ಮನೆಗಳಿಗೆ ಪರವಾನಗಿ ಕಡ್ಡಾಯವಾಯಿತು. ಜಿನ್ ಎಂಬ ಕಟು ಮದ್ಯ ನಗರದ ಬಡವರನ್ನು ಹಾಳುಗೆಡವಿದ್ದನ್ನು ಕಂಡಿದ್ದ ಸರ್ಕಾರ, ಅದಕ್ಕಿಂತ ಬಿಯರ್ ಮೇಲು ಎಂದು ಬಗೆದು 1830ರಲ್ಲಿ ಎರಡು ಗಿನಿ ಶುಲ್ಕ ಕೊಟ್ಟ ಯಾವ ತೆರಿಗೆದಾರನಿಗಾದರೂ ಬಿಯರ್ ಮಾರಲು ಅವಕಾಶ ಕೊಟ್ಟಿತು. ಸಾವಿರಾರು ಹೊಸ ಅಂಗಡಿಗಳು ತಲೆಯೆತ್ತಿದವು. ಕುಡಿತ ಕಡಿಮೆಯಾಗಲಿಲ್ಲ. ಮುಂದೆ ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸ ಕೆಡಬಾರದೆಂದು ಪಬ್ಬುಗಳನ್ನು ಮಧ್ಯಾಹ್ನ ಮುಚ್ಚಿಸಲಾಯಿತು. ಯುದ್ಧಕ್ಕೆಂದು ಬಂದ ಆ ಪದ್ಧತಿ ವಾರದ ದಿನಗಳಲ್ಲಿ 1988ರವರೆಗೂ ಉಳಿಯಿತು.

ಏಲಿಗೆ ನಿಜವಾದ ಗಂಡಾಂತರ ಬಂದುದು ಕಾನೂನಿನಿಂದಲ್ಲ, ವ್ಯಾಪಾರದಿಂದ. ಎಷ್ಟೋ ಪಬ್ಬುಗಳ ಕಟ್ಟಡ ಬಿಯರ್ ಕಂಪನಿಗಳದ್ದೇ ಆಗಿತ್ತು. ಬಾಡಿಗೆದಾರ ಆ ಕಂಪನಿಯ ಬಿಯರನ್ನೇ ಮಾರಬೇಕಿತ್ತು. 1960ರ ದಶಕದಲ್ಲಿ ದೊಡ್ಡ ಕಂಪನಿಗಳು ಸಣ್ಣವನ್ನು ನುಂಗುತ್ತಾ ಹೋಗಿ, ಕೊನೆಗೆ ಆರು ಕಂಪನಿಗಳ ಕೈಯಲ್ಲಿ ವ್ಯಾಪಾರದ ಬಹುಪಾಲು ಸೇರಿತು. ಅವಕ್ಕೆ ಜೀವಂತ ಏಲ್ ತಲೆನೋವಾಗಿತ್ತು. ಸೋಸಿ, ಕಾಯಿಸಿ, ಅನಿಲ ಒತ್ತಿ ಲೋಹದ ಪೀಪಾಯಿಗೆ ತುಂಬಿದ ‘ಕೆಗ್’ ಬಿಯರಾದರೆ ವಾರಗಟ್ಟಲೆ ಕೆಡದು, ನೋಡಿಕೊಳ್ಳುವ ಕೈಗುಣವೂ ಬೇಡ, ದೇಶದುದ್ದಕ್ಕೂ ಒಂದೇ ರುಚಿ. ‘ವಾಟ್ನೀಸ್ ರೆಡ್ ಬ್ಯಾರಲ್’ ಇಂಥ ಬಿಯರಿನ ಸಂಕೇತವೇ ಆಯಿತು. ಕೈಪಂಪುಗಳು ಒಂದೊಂದಾಗಿ ಕಟ್ಟೆಯಿಂದ ಮಾಯವಾದವು.

1971ರಲ್ಲಿ ಐರ್ಲೆಂಡಿನ ಕೆರಿ ಪ್ರಾಂತಕ್ಕೆ ರಜೆ ಕಳೆಯಲು ಹೋಗಿದ್ದ ನಾಲ್ವರು ಇಂಗ್ಲಿಷ್ ಯುವಕರು—ಮೈಕೇಲ್ ಹಾರ್ಡ್‌ಮನ್, ಗ್ರಹಾಂ ಲೀಸ್, ಜಿಮ್ ಮೇಕಿನ್, ಬಿಲ್ ಮೆಲರ್—ಈ ದುಃಸ್ಥಿತಿಯ ಬಗ್ಗೆ ಮಾತನಾಡುತ್ತಾ ಒಂದು ಸಂಘ ಕಟ್ಟಲು ನಿರ್ಧರಿಸಿದರು. ಮೊದಲು ತಮಾಷೆಯಂತಿದ್ದ ಆ ಸಂಘ ‘ಕ್ಯಾಮ್ರಾ’ ಎಂಬ ಹೆಸರಿನಲ್ಲಿ ದೊಡ್ಡ ಗ್ರಾಹಕ ಚಳವಳಿಯಾಗಿ ಬೆಳೆಯಿತು. ಸದಸ್ಯರು ಊರೂರು ತಿರುಗಿ ನಿಜವಾದ ಏಲ್ ಎಲ್ಲಿ ಸಿಗುತ್ತದೆಂದು ಪಟ್ಟಿ ಮಾಡಿದರು. 1974ರ ಆವೃತ್ತಿಯ ಕೈಪಿಡಿಯಲ್ಲಿ ವಾಟ್ನಿ ಕಂಪನಿಯ ಬಿಯರನ್ನು ಸಾಂಕ್ರಾಮಿಕ ರೋಗದಂತೆ ದೂರವಿಡಬೇಕೆಂದು ಅಚ್ಚಾಗಿತ್ತು. ಮಾನನಷ್ಟದ ಭಯದಿಂದ ಆ ಪ್ರತಿಗಳನ್ನು ನಾಶಪಡಿಸಿ, ಮಾತನ್ನು ತುಸು ಮೆದುಗೊಳಿಸಿ ಮತ್ತೆ ಮುದ್ರಿಸಬೇಕಾಯಿತು. ಜನ ಮಾತ್ರ ವಿಷಯ ಅರ್ಥಮಾಡಿಕೊಂಡರು. ಹೊಸ ಸಣ್ಣ ತಯಾರಕರು ಹುಟ್ಟಿಕೊಂಡರು. 2002ರಲ್ಲಿ ಸಣ್ಣ ತಯಾರಕರಿಗೆ ಸುಂಕದಲ್ಲಿ ರಿಯಾಯಿತಿ ದೊರೆತ ಮೇಲಂತೂ ಅವರ ಸಂಖ್ಯೆ ಸಾವಿರವನ್ನು ದಾಟಿತು. 1970ರಲ್ಲಿ ದೇಶದಲ್ಲಿದ್ದ ಬಿಯರ್ ಕಾರ್ಖಾನೆಗಳು ಇನ್ನೂರಕ್ಕೂ ಕಡಿಮೆ.

ಏಲ್ ಗೆದ್ದಿತು, ಆದರೆ ಅದರ ಮನೆ ಸೋಲತೊಡಗಿತು. ದೊಡ್ಡ ಕಂಪನಿಗಳ ಹಿಡಿತ ಸಡಿಲಿಸಲು 1989ರಲ್ಲಿ ಬಂದ ಸರ್ಕಾರಿ ಆದೇಶ, 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ತಯಾರಕರ ಮೇಲೆ ಮಿತಿ ಹೇರಿತು. ಅವರು ಪಬ್ಬುಗಳನ್ನು ಮಾರಿದರು. ಕೊಂಡವರು ಮಾತ್ರ ಬಾಡಿಗೆದಾರರಲ್ಲ. ಬಿಯರ್ ತಯಾರಿಸದ, ಪಬ್ಬುಗಳನ್ನು ಆಸ್ತಿಯೆಂದು ಕಾಣುವ ಹೊಸ ಕಂಪನಿಗಳು. ಯಜಮಾನರು ಬದಲಾದರು, ಬಾಡಿಗೆದಾರನ ಕಷ್ಟ ಬದಲಾಗಲಿಲ್ಲ. ಸೂಪರ್ ಮಾರ್ಕೆಟ್ಟಿನ ಅಗ್ಗದ ಡಬ್ಬಿ ಬಿಯರ್, 2007ರ ಧೂಮಪಾನ ನಿಷೇಧ, 2020ರಲ್ಲಿ ಕೋವಿಡ್ಡಿನಿಂದಾಗಿ ಬಾಗಿಲು ಮುಚ್ಚಿದ ತಿಂಗಳುಗಳು, ಆಮೇಲೆ ಏರಿದ ವಿದ್ಯುತ್ ದರ ಎಲ್ಲವೂ ಸೇರಿ ಹೊಡೆತ ಕೊಟ್ಟವು. 2000ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್ಬುಗಳಿದ್ದವು. 2023ರ ವೇಳೆಗೆ ಅವು ಸುಮಾರು 45 ಸಾವಿರಕ್ಕೆ ಇಳಿದಿದ್ದವು.

ಇಲ್ಲಿಯೇ ಏಲಿನ ಮೂರು ದಿನದ ಲೆಕ್ಕ ಮತ್ತೆ ಎದುರಾಗುತ್ತದೆ. ಡಬ್ಬಿ ಬಿಯರನ್ನು ಮನೆಗೆ ಒಯ್ಯಬಹುದು, ತಿಂಗಳು ಇಡಬಹುದು. ಪೀಪಾಯಿಯ ಏಲಿಗೆ ಪಬ್ಬಲ್ಲದೆ ಬೇರೆ ನೆಲೆಯಿಲ್ಲ. ಗಿರಾಕಿಗಳು ಕಡಿಮೆಯಾದರೆ ಪೀಪಾಯಿ ಮೂರು ದಿನದಲ್ಲಿ ಖಾಲಿಯಾಗದು. ಖಾಲಿಯಾಗದ್ದು ಹುಳಿಯಾಗುತ್ತದೆ. ಹುಳಿ ಏಲ್ ಕುಡಿದವನು ಮತ್ತೆ ಬರುವುದಿಲ್ಲ. ಕೊನೆಗೆ ಯಜಮಾನ ಕೈಪಂಪನ್ನೇ ಕಿತ್ತುಹಾಕುತ್ತಾನೆ. ಹತ್ತಾರು ಮಂದಿ ಒಂದೆಡೆ ಸೇರದೆ ಹೋದರೆ ಬದುಕಲಾರದ ಪಾನೀಯ ಇದು.

ಈ ಸಾರ್ವಜನಿಕ ಮನೆ ಎಲ್ಲ ಕಾಲಕ್ಕೂ ಎಲ್ಲರ ಮನೆಯಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಮದ್ಯದ ಮನೆಯೊಂದರಲ್ಲಿ ಹೆಂಗಸರು ಕಟ್ಟೆಯ ಬಳಿ ನಿಂತು ಕುಡಿಯುವಂತಿರಲಿಲ್ಲ. ಅದು ಕಾನೂನುಬಾಹಿರವೆಂದು ನ್ಯಾಯಾಲಯ ಹೇಳಿದ್ದು 1982ರಲ್ಲಿ. 1960ರ ದಶಕದಲ್ಲಿ ಭಾರತೀಯರನ್ನೂ ಕರಿಯರನ್ನೂ ಒಳಗೆ ಬಿಡದ, ಇಲ್ಲವೇ ಬೇರೆ ಕೋಣೆಯಲ್ಲಿ ಕೂರಿಸುವ ಪಬ್ಬುಗಳು ಎಷ್ಟೋ ಇದ್ದವು. ಬರ್ಮಿಂಗ್‌ಹ್ಯಾಂ ಬಳಿಯ ಸ್ಮೆತಿಕ್ ಪಟ್ಟಣದಲ್ಲಿ ಭಾರತೀಯ ಕಾರ್ಮಿಕರ ಸಂಘ ಇದರ ವಿರುದ್ಧ ಹೋರಾಡಿತು. 1965ರ ಫೆಬ್ರವರಿಯಲ್ಲಿ ಅಮೆರಿಕದ ನಾಯಕ ಮಾಲ್ಕಂ ಎಕ್ಸ್ ಅಲ್ಲಿಗೆ ಬಂದು ವರ್ಣಭೇದವನ್ನು ಕಣ್ಣಾರೆ ಕಂಡ. ಅದೇ ವರ್ಷ ಬಂದ ಕಾನೂನು ಸಾರ್ವಜನಿಕ ಸ್ಥಳಗಳಲ್ಲಿ ಈ ಭೇದವನ್ನು ನಿಷೇಧಿಸಿತು.

ಇಂದು ಅದೇ ಸ್ಮೆತಿಕ್ ಸುತ್ತಮುತ್ತ ಪಂಜಾಬಿ ಕುಟುಂಬಗಳು ನಡೆಸುವ ‘ದೇಸಿ ಪಬ್’ಗಳಿವೆ. ಮುಚ್ಚಿಹೋಗಬಹುದಾಗಿದ್ದ ಪಬ್ಬುಗಳನ್ನು ವಹಿಸಿಕೊಂಡವರು ಇವರು. ಒಂದು ಕಡೆ ಕಬಾಬಿನ ಕಾವಲಿ ಚುರುಗುಡುತ್ತಿದ್ದರೆ, ಇನ್ನೊಂದು ಕಡೆ ಹಳೆಯ ಬಿಳಿಯ ಗಿರಾಕಿಯೂ ಪಂಜಾಬಿ ಕಾರ್ಮಿಕನ ಮಗನೂ ಒಂದೇ ಕಟ್ಟೆಗೆ ಒರಗಿರುತ್ತಾರೆ. ಬೇರೆಡೆ ಊರಿನವರೇ ಪಾಲು ಹಣ ಹಾಕಿ ಪಬ್ಬನ್ನು ಕೊಂಡ ನಿದರ್ಶನಗಳಿವೆ. ಕಂಬ್ರಿಯಾ ಪ್ರಾಂತದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ‘ಓಲ್ಡ್ ಕ್ರೌನ್’ ಪಬ್ಬನ್ನು 2003ರಲ್ಲಿ ಸಹಕಾರಿ ತತ್ವದ ಮೇಲೆ ಕೊಂಡುಕೊಂಡರು. ಲಂಡನ್ನಿನ ನನ್‌ಹೆಡ್ ಬಡಾವಣೆಯವರು 2013ರಲ್ಲಿ ‘ಐವಿ ಹೌಸ್’ ಪಬ್ಬನ್ನು ಕಟ್ಟಡ ವ್ಯಾಪಾರಿಗಳ ಕೈಯಿಂದ ಉಳಿಸಿಕೊಂಡರು.

ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ‘ದಿ ಮೂನ್ ಅಂಡರ್ ವಾಟರ್’ ಎಂಬ ಪಬ್ಬಿನ ಬಗ್ಗೆ ಪತ್ರಿಕೆಯೊಂದರಲ್ಲಿ ಬರೆದ. ಅಲ್ಲಿನ ಶಾಂತಿ, ಪರಿಚಿತ ಮುಖಗಳು, ಹಿತ್ತಲಿನ ತೋಟ ಎಲ್ಲವನ್ನೂ ಬಣ್ಣಿಸಿ, ಕೊನೆಗೆ ಅಂಥ ಪಬ್ಬು ಇಲ್ಲವೇ ಇಲ್ಲ, ಅದು ತನ್ನ ಕಲ್ಪನೆ ಎಂದು ತಿಳಿಸಿದ. ಹೆಸ್ಕೆಟ್ ನ್ಯೂಮಾರ್ಕೆಟ್ಟಿನವರಿಗೂ ಸ್ಮೆತಿಕ್ಕಿನವರಿಗೂ ಕಲ್ಪನೆಯ ಪಬ್ಬು ಸಾಲದು. ನೆಲಮಾಳಿಗೆಯಲ್ಲಿ ಬೆಣೆ ಬಿಚ್ಚಿದ ಪೀಪಾಯಿ ಮೂರನೆಯ ಸಂಜೆಯೊಳಗೆ ಖಾಲಿಯಾಗಬೇಕು. ಅದಕ್ಕೆ ಸಾಕಷ್ಟು ಜನ ಮನೆಯಿಂದ ಹೊರಟು, ನೆರೆಯವರ ಜೊತೆ ಕುಳಿತುಕೊಳ್ಳಬೇಕು.