ಪೂರ್ಣ ಕ್ರಿಯಾಪದ ಎಲ್ಲಿ ನಿಲ್ಲುತ್ತದೆ? ಕೊಪ್ಪಳ ಸೀಮೆಯ ಕನ್ನಡ ಮತ್ತು ಇಂಗ್ಲಿಷಿನ ಮೂರು ಬಗೆಯ ವಾಕ್ಯಗಳು

ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರು ವಾಕ್ಯಗಳ ವ್ಯಾಖ್ಯೆಯನ್ನು ಕಂಠಪಾಠ ಮಾಡುವುದು ಕಷ್ಟವಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕನ್ನಡ ಮಾಧ್ಯಮದ ಮಗುವಿಗೆ ತೊಡಕು ಶುರುವಾಗುವುದು ತನ್ನ ಮನೆಯ ಮಾತೊಂದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟಾಗ. ಈ ತೊಡಕಿಗೆ ಮಗುವಿನ ಜಾಣತನವನ್ನೋ ಹಳ್ಳಿಯ ಶಾಲೆಯನ್ನೋ ಹೊಣೆ ಮಾಡುವುದು ರೂಢಿ. ಆದರೆ ಪೂರ್ಣ ಕ್ರಿಯಾಪದವನ್ನು ಎಲ್ಲಿಡಬೇಕು, ಒಂದು ವಾಕ್ಯದಲ್ಲಿ ಎಷ್ಟು ಇಡಬಹುದು ಎಂಬಲ್ಲಿ ಎರಡು ಭಾಷೆಗಳು ಬೇರೆ ಬೇರೆ ಹಾದಿ ಹಿಡಿದಿವೆ. ತೊಡಕಿನ ಮೂಲ ಅಲ್ಲಿದೆ ಎಂಬುದು ಈ ಲೇಖನದ ವಾದ.

ಮೊದಲು ಈ ವಿಂಗಡಣೆ ನಮಗೆ ಬಂದ ದಾರಿಯನ್ನು ನೋಡಬೇಕು. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ 8 ಪ್ರಕರಣಗಳಿವೆ. ವಾಕ್ಯಕ್ಕೆಂದೇ ಒಂದು ಪ್ರಕರಣವಿಲ್ಲ. ವಾಕ್ಯವನ್ನು ಮೂರು ಬಗೆಯಾಗಿ ಒಡೆಯುವ ಪಾಠ ಭಾರತದ ಶಾಲೆಗಳಲ್ಲಿ ಬೇರೂರಿದ್ದು ನೆಸ್‌ಫೀಲ್ಡ್, ಆಮೇಲೆ ರೆನ್ ಮತ್ತು ಮಾರ್ಟಿನ್ ಬರೆದಂಥ ಇಂಗ್ಲಿಷ್ ವ್ಯಾಕರಣ ಪುಸ್ತಕಗಳಿಂದ. ಕನ್ನಡದ ಶಾಲಾ ವ್ಯಾಕರಣವೂ ಅದೇ ಅಚ್ಚಿನಲ್ಲಿ ಸಾಮಾನ್ಯ, ಸಂಯೋಜಿತ, ಮಿಶ್ರ ಎಂಬ ಹೆಸರುಗಳನ್ನು ಕೊಟ್ಟಿತು. ಹೀಗಾಗಿ ಕನ್ನಡ ಪಿರಿಯಡ್ಡಿನಲ್ಲಿ ಕಲಿತ ವ್ಯಾಖ್ಯೆಯೇ ಇಂಗ್ಲಿಷ್ ಪಿರಿಯಡ್ಡಿನಲ್ಲೂ ಎದುರಾಗುತ್ತದೆ. ವ್ಯಾಖ್ಯೆ ಕೂಡುತ್ತದೆ, ಉದಾಹರಣೆಗಳು ಕೂಡುವುದಿಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕದ ಹೆಸರಿನಲ್ಲೇ ಸಾರಿದ ಬೇಡಿಕೆ ಇಂಗ್ಲಿಷ್ ಕಲಿಸುವವರಿಗೂ ಅಷ್ಟೇ ಅಗತ್ಯವಾದದ್ದು.

ಕುಷ್ಟಗಿ ಕಡೆಯ ಎರಿ ಹೊಲದ ಒಂದು ಮಾತನ್ನು ತೆಗೆದುಕೊಳ್ಳೋಣ: “ಹೊಲ ಹರಗಿ, ಮಳಿ ದಾರಿ ನೋಡಿ, ಕೂರಿಗಿ ಹೂಡಿ, ಸಜ್ಜಿ ಬಿತ್ತಿದ.” ಇಲ್ಲಿ ನಾಲ್ಕು ಕೆಲಸಗಳಿವೆ, ಪೂರ್ಣ ಕ್ರಿಯಾಪದ ಒಂದೇ. ‘ಹರಗಿ’, ‘ನೋಡಿ’, ‘ಹೂಡಿ’ ಇವು ಕಾಲವನ್ನಾಗಲಿ ಲಿಂಗವಚನಗಳನ್ನಾಗಲಿ ತಾವೇ ಹೇಳುವುದಿಲ್ಲ. ಎಲ್ಲವೂ ಕೊನೆಯ ‘ಬಿತ್ತಿದ’ಕ್ಕೆ ಕಾಯುತ್ತವೆ. ಒಂದೇ ಪೂರ್ಣ ಕ್ರಿಯಾಪದ ಇರುವುದರಿಂದ ಶಾಲೆಯ ಲೆಕ್ಕದಲ್ಲಿ ಇದು ಸಾಮಾನ್ಯ ವಾಕ್ಯ. ಇದನ್ನೇ ಇಂಗ್ಲಿಷಿನಲ್ಲಿ ಸಹಜವಾಗಿ ಹೇಳಿದರೆ ಕೊನೆಯಲ್ಲಿ ‘ಅಂಡ್’ ಬಂದು, ನಾಲ್ಕೂ ಕ್ರಿಯೆಗಳು ಭೂತಕಾಲದ ಪೂರ್ಣ ರೂಪ ತಾಳುತ್ತವೆ. ನಮ್ಮ ಶಾಲೆಗಳ ಪದ್ಧತಿಯಲ್ಲಿ ಅದು ಕಾಂಪೌಂಡ್. (ಕರ್ತೃ ಒಂದೇ ಎಂಬ ಕಾರಣಕ್ಕೆ ಅಮೆರಿಕದ ವ್ಯಾಕರಣ ಪುಸ್ತಕಗಳು ಇಂಥದ್ದನ್ನು ಸಿಂಪಲ್ ಎಂದೇ ಎಣಿಸುತ್ತವೆ. ಎರಡು ಬಗೆಯ ಪುಸ್ತಕಗಳನ್ನು ಓದಿದ ಹುಡುಗಿಯ ಗೊಂದಲವನ್ನು ತಪ್ಪು ಎನ್ನುವಂತಿಲ್ಲ.) ‘ಹ್ಯಾವಿಂಗ್’ ಹಚ್ಚಿ ಹೇಳಿದರೆ ಅದು ಮತ್ತೆ ಸಿಂಪಲ್, ‘ವೆನ್’ ಅಥವಾ ‘ಆಫ್ಟರ್’ ಹಚ್ಚಿ ಒಳವಾಕ್ಯ ಮಾಡಿದರೆ ಕಾಂಪ್ಲೆಕ್ಸ್. ಒಂದೇ ಸಂಗತಿಗೆ ಮೂರು ವೇಷ. ಕನ್ನಡದ ‘ಹರಗಿ’ ಈ ಮೂರರಲ್ಲಿ ಯಾವುದಕ್ಕೂ ಕಟ್ಟುಬಿದ್ದದ್ದಲ್ಲ. ಅನುವಾದ ಮಾಡುವಾಗ ಮಗು ಮೂರರಲ್ಲೊಂದನ್ನು ಆರಿಸಲೇಬೇಕು, ಆರಿಸುವುದು ಹೇಗೆಂದು ಪಾಠದಲ್ಲಿ ಯಾರೂ ಹೇಳಿರುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಉದಾಹರಣೆ: “ಮಳಿ ಬಂದು ಕೆರಿ ತುಂಬಿತು.” ಬಂದದ್ದು ಮಳೆ, ತುಂಬಿದ್ದು ಕೆರೆ. ‘ಬಂದು’ ಎಂಬ ರೂಪಕ್ಕೂ ಕೊನೆಯ ಕ್ರಿಯೆಗೂ ಸಾಮಾನ್ಯವಾಗಿ ಒಬ್ಬನೇ ಕರ್ತೃ ಇರಬೇಕು. “ಅವ ಬಂದು ನಾ ಹೋದೆ” ಎಂದು ಯಾರೂ ಅನ್ನುವುದಿಲ್ಲ, “ಅವ ಬಂದ ಮ್ಯಾಲ ನಾ ಹೋದೆ” ಎನ್ನುತ್ತಾರೆ. ಆದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾದಾಗ ಕನ್ನಡ ಈ ಕಟ್ಟನ್ನು ಸಡಿಲಿಸುತ್ತದೆ. ಇಂಗ್ಲಿಷಿನ ‘ಹ್ಯಾವಿಂಗ್’ ರೂಪ ಹಾಗೆ ಸಡಿಲಿಸುವುದಿಲ್ಲ. ‘ಹ್ಯಾವಿಂಗ್ ರೇನ್ಡ್, ದ ಟ್ಯಾಂಕ್ ಫಿಲ್ಡ್’ ಎಂದು ಬರೆದರೆ ಕೆರೆಯೇ ಮಳೆ ಸುರಿಸಿತು ಎಂದಾಗುತ್ತದೆ. ‘ದ ರೇನ್ ಹ್ಯಾವಿಂಗ್ ಕಮ್, ದ ಟ್ಯಾಂಕ್ ಫಿಲ್ಡ್’ ಎಂದು ಮಳೆಗೆ ಅದರದೇ ಕರ್ತೃಸ್ಥಾನ ಕೊಟ್ಟರೆ ವಾಕ್ಯ ಸರಿಹೋಗುತ್ತದೆ, ಮೇಲಾಗಿ ಸಿಂಪಲ್ ಆಗಿಯೇ ಉಳಿಯುತ್ತದೆ. ಆಡುಮಾತಿನಲ್ಲಿ ಅದು ಭಾರವೆನಿಸಿದರೆ ‘ಬಿಕಾಸ್’ ಹಚ್ಚಿ ಕಾಂಪ್ಲೆಕ್ಸ್ ಮಾಡಬೇಕು. ಉತ್ತರಪತ್ರಿಕೆಯಲ್ಲಿ ಆ ತಪ್ಪು ವಾಕ್ಯಕ್ಕೆ ಕೆಂಪು ಗೆರೆ ಬೀಳುವುದು ಸರಿ. ಆದರೆ ಅದರ ಹಿಂದೆ ಕನ್ನಡದ ನಿಯಮವೊಂದನ್ನು ಪೂರಾ ಬಲ್ಲ ಮಗುವಿದೆ ಎಂಬುದು ಗೆರೆ ಎಳೆಯುವವರಿಗೆ ಗೊತ್ತಿರಬೇಕು.

ಗಂಗಾವತಿಯ ಎಡದಂಡೆ ಕಾಲುವೆಯ ಬದಿಯಲ್ಲಿ “ನೀರು ಬಿಟ್ರ ನಾಟಿ ಹಚ್ತೀವಿ” ಎನ್ನುತ್ತಾರೆ. ‘ಬಿಟ್ರ’ ಪೂರ್ಣ ಕ್ರಿಯಾಪದವಲ್ಲ. ಇಂಗ್ಲಿಷಿನ ‘ಇಫ್’ ಆದರೆ ತನ್ನ ಜೊತೆಗೆ ಕರ್ತೃವನ್ನೂ ಪೂರ್ಣ ಕ್ರಿಯಾಪದವನ್ನೂ ಎಳೆದುಕೊಂಡೇ ಬರುತ್ತದೆ. ‘ನಿನ್ನಿ ಬಂದ ಹುಡುಗ’ ಎಂಬಲ್ಲಿನ ‘ಬಂದ’ಕ್ಕೂ ಇದೇ ಗತಿ: ಇಂಗ್ಲಿಷಿಗೆ ಹೋದೊಡನೆ ‘ಹೂ’ ಸೇರಿಸಿಕೊಂಡು ಇಡೀ ಒಳವಾಕ್ಯವಾಗುತ್ತದೆ. ‘ಬಂದ್ರೂ’ ಎಂಬುದರ ಜೊತೆಗೆ ‘ಬಂತು, ಆದ್ರೂ’ ಎನ್ನುವ ಇನ್ನೊಂದು ದಾರಿಯೂ ನಮ್ಮಲ್ಲಿರುವುದರಿಂದ ಎರಡೂ ಬೆರೆತು, ‘ಆಲ್ದೋ’ ಹಚ್ಚಿದ ಮೇಲೂ ‘ಬಟ್’ ಬರುತ್ತದೆ. ಇಲ್ಲಿ ಕನ್ನಡದ ಪಾಠವೇ ಮಗುವನ್ನು ದಾರಿ ತಪ್ಪಿಸುವುದುಂಟು. ‘ಬಂದು’ ಇರುವ ವಾಕ್ಯವನ್ನು ಪೂರ್ಣ ಕ್ರಿಯಾಪದದ ಲೆಕ್ಕ ಹಿಡಿದು ಸಾಮಾನ್ಯ ಎಂದವರು, ‘ಬಂದರೂ’, ‘ಬಂದುದರಿಂದ’ ಇರುವ ವಾಕ್ಯಕ್ಕೆ ಬಂದಾಗ ಅರ್ಥ ನೋಡಿ ಮಿಶ್ರ ಎನ್ನುತ್ತಾರೆ. ಮೂರೂ ರೂಪಗಳು ಅಪೂರ್ಣ ಕ್ರಿಯೆಗಳೇ. ಒಂದು ಕಡೆ ರೂಪದ ಅಳತೆ, ಇನ್ನೊಂದು ಕಡೆ ಅರ್ಥದ ಅಳತೆ. ಎರಡನ್ನೂ ಒಂದೇ ವ್ಯಾಖ್ಯೆಯ ಹೆಸರಿನಲ್ಲಿ ಕಲಿಸಿದರೆ ಮಗು ಯಾವುದನ್ನು ನಂಬಬೇಕು?

ಕನ್ನಡವು ಒಳಗೊಂದು ಪೂರ್ಣ ಕ್ರಿಯಾಪದವನ್ನು ಬಿಟ್ಟುಕೊಳ್ಳುವ ಜಾಗಗಳೂ ಇವೆ. “ನಾಳಿಗೆ ಬರ್ತೀನಿ ಅಂತ ಅಂದ” ಎಂಬಲ್ಲಿ ‘ಬರ್ತೀನಿ’ ಪೂರ್ಣ ರೂಪದಲ್ಲೇ ಇದೆ, ‘ಅಂತ’ ಅದನ್ನು ಹಿಂದಿನಿಂದ ಕಟ್ಟುತ್ತದೆ. “ಯಾರು ಬಿತ್ತತಾರೋ ಅವ್ರ ಬೆಳೀತಾರ” ಎನ್ನುವುದೂ ಇಂಥದೇ. ಇಂಗ್ಲಿಷಿನ ಕಾಂಪ್ಲೆಕ್ಸ್ ವಾಕ್ಯಕ್ಕೆ ತೀರಾ ಹತ್ತಿರದ ಕನ್ನಡ ರಚನೆಗಳು ಇವೇ. ಪಾಠ ಇಲ್ಲಿಂದ ಶುರುವಾದರೆ ಮಗುವಿಗೆ ಒಳವಾಕ್ಯ ಎಂಬುದು ಪರಕೀಯ ಅನ್ನಿಸುವುದಿಲ್ಲ.

ಈ ಸೀಮೆಯ ಇತಿಹಾಸ ಪ್ರಶ್ನೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳನ್ನು ಗುರುತಿಸಿದ ನೆಲೆಗಳಲ್ಲಿ ಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಅಂಥ ನೆಲದ ಆಡುಮಾತನ್ನು ತರಗತಿಯಲ್ಲಿ ಅಶುದ್ಧವೆಂದು ಹೇಳಿ ಬಾಯಿ ಮುಚ್ಚಿಸುವುದು ನನಗೆ ನೋವಿನ ಸಂಗತಿ. 1948ರವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಉರ್ದು ಆಡಳಿತ ಭಾಷೆಯಾಗಿತ್ತು. ಇಂದಿಗೂ ಇಲ್ಲಿನ ಎಷ್ಟೋ ಮನೆಗಳ ಮಾತು ದಖನಿ. ಉತ್ತರದ ಉರ್ದುವಿನಲ್ಲಿ ‘ಕಹಾ ಕಿ’ ಎಂದು ಮುಂದಿನಿಂದ ಒಳವಾಕ್ಯ ತೆರೆಯುತ್ತದೆ, ಥೇಟ್ ಇಂಗ್ಲಿಷಿನ ‘ದ್ಯಾಟ್’ ಇದ್ದ ಹಾಗೆ. ದಖನಿಯಲ್ಲಾದರೋ “ಕಲ್ ಆತೂಂ ಬೋಲ್ಕೆ ಬೋಲ್ಯಾ” ಎನ್ನುತ್ತಾರೆ. ‘ಬೋಲ್ಕೆ’ ನಮ್ಮ ‘ಅಂತ’ದ, ತೆಲುಗಿನ ‘ಅನಿ’ಯ ಪಡಿಯಚ್ಚು. ಪದ ಉರ್ದುವಿನದು, ವಾಕ್ಯದ ಎಲುಬು ದ್ರಾವಿಡದ್ದು. ಗಂಗಾವತಿ ಕಡೆಯ ಕ್ಯಾಂಪುಗಳಲ್ಲಿ, ಅಂದರೆ ವಲಸೆ ಬಂದ ರೈತರ ನೆಲೆಗಳಲ್ಲಿ, ತೆಲುಗು, ಕುಷ್ಟಗಿ ಯಲಬುರ್ಗಾ ಕಡೆಯ ತಾಂಡಾಗಳಲ್ಲಿ ಲಂಬಾಣಿ ಮನೆಮಾತು. ಹೀಗೆ ಇಲ್ಲಿನ ಮಕ್ಕಳು ತಮ್ಮ ತಮ್ಮ ಮನೆಮಾತಿನ ವಾಕ್ಯರೂಢಿಯನ್ನು ಹೊತ್ತುಕೊಂಡೇ ಇಂಗ್ಲಿಷಿಗೆ ಬರುತ್ತಾರೆ.

ಆದ್ದರಿಂದ ಬೋಧನೆಯ ಮೊದಲ ಹೆಜ್ಜೆ ‘ಅಂಡ್, ಬಟ್, ಬಿಕಾಸ್’ಗಳ ಪಟ್ಟಿಯಾಗಬಾರದು. ಮಗು ತನ್ನ ಮಾತಿನ ಒಂದು ವಾಕ್ಯ ಬರೆಯಲಿ, ಪೂರ್ಣ ಕ್ರಿಯಾಪದದ ಕೆಳಗೆ ಗೆರೆ ಎಳೆಯಲಿ, ಉಳಿದ ಒಂದೊಂದು ಕ್ರಿಯೆಗೂ “ಇದನ್ನ ಮಾಡಿದವ್ರು ಯಾರು?” ಎಂದು ಕೇಳಿಕೊಳ್ಳಲಿ. ಕರ್ತೃ ಒಂದೇ ಆದರೆ ‘ಹ್ಯಾವಿಂಗ್’ ಅಥವಾ ‘ಅಂಡ್’ ನಡೆಯುತ್ತದೆ. ಕರ್ತೃ ಬೇರೆಯಾಗಿದ್ದರೆ ‘ಬಿಕಾಸ್’, ‘ವೆನ್’, ‘ಇಫ್’ಗಳ ಕಡೆ ಹೊರಳಬೇಕು. ಬರಿ ಹಲಗೆ ಸೀಮೆಸುಣ್ಣ ಇದ್ದರೂ ಸಾಕು, ಈ ಪಾಠ ನಡೆಯುತ್ತದೆ.

ಪರೀಕ್ಷಿಸಿ ನೋಡಬೇಕಾದ ಒಂದು ಊಹೆ ಮಾತ್ರ ಉಳಿಯುತ್ತದೆ. ಮನೆಯಲ್ಲಿ ‘ಬೋಲ್ಕೆ’ ಎನ್ನುತ್ತ, ಶಾಲೆಯ ಉರ್ದು ಪುಸ್ತಕದಲ್ಲಿ ‘ಕಿ’ ಓದುವ ಮಗುವಿಗೆ ಒಳವಾಕ್ಯದ ಎರಡೂ ದಾರಿಗಳ ಪರಿಚಯವಿರುತ್ತದೆ. ಇಂಗ್ಲಿಷಿನ ‘ದ್ಯಾಟ್’ ಅಂಥ ಮಗುವಿಗೆ ಕನ್ನಡವೊಂದನ್ನೇ ಬಲ್ಲ ಓರಗೆಯ ಮಗುವಿಗಿಂತ ಬೇಗ ಒಗ್ಗುತ್ತದೆಯೇ? ಕೊಪ್ಪಳದ ಉರ್ದು ಶಾಲೆ, ಗಂಗಾವತಿಯ ಕ್ಯಾಂಪು, ಕುಷ್ಟಗಿಯ ತಾಂಡಾ, ಈ ಮೂರೂ ಕಡೆಯ ಮಕ್ಕಳಿಂದಲೂ ಕನ್ನಡವೊಂದನ್ನೇ ಬಲ್ಲ ಮಕ್ಕಳಿಂದಲೂ ಒಂದೇ ವಿಷಯದ ಮೇಲೆ ಇಂಗ್ಲಿಷ್ ಬರಹ ಪಡೆದು, ಅದರಲ್ಲಿನ ಪೂರ್ಣ ಕ್ರಿಯಾಪದಗಳನ್ನೂ ‘ದ್ಯಾಟ್’ ಒಳವಾಕ್ಯಗಳನ್ನೂ ಎಣಿಸಿ ಹೋಲಿಸಿದರೆ ಉತ್ತರ ಸಿಕ್ಕೀತು.