ಸದ್ಯ

ಹಾಲು ಉಕ್ಕುವಷ್ಟರಲ್ಲಿ ನೋಡಿದೆ, ಸದ್ಯ. ಕತ್ತಲಾಗುವ ಮುಂಚೆ ಮಗಳು ಮನೆಗೆ ಬಂದಳು, ಸದ್ಯ. ದಿನಕ್ಕೆ ಎಷ್ಟು ಸಲ ಈ ಪದ ನಮ್ಮ ಬಾಯಿಂದ ಬೀಳುತ್ತದೋ! ಸಂಸ್ಕೃತದ ‘ಸದ್ಯಃ’ ಎಂದರೆ ಅದೇ ದಿನ, ಆ ಕೂಡಲೇ ಎಂದಷ್ಟೇ ಅರ್ಥ. ಶಿವನ ಐದು ಮುಖಗಳಲ್ಲಿ ಒಂದಾದ ಸದ್ಯೋಜಾತನಲ್ಲಿ ಇರುವುದೂ ಅದೇ. ಕಾಲ ಹೇಳುವ ಆ ಪದವನ್ನು ಕನ್ನಡ ಮನೆಯೊಳಗೆ ಕರೆದು, ಎದೆಯ ಮೇಲೆ ಕೈಯಿಟ್ಟು ಬಿಡುವ ಉಸಿರನ್ನು ಅದರೊಳಗೆ ತುಂಬಿತು. ‘ಕೃತಜ್ಞತೆ’ ವಂದನಾರ್ಪಣೆಯ ಮಾತು; ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ಅಲ್ಲಿರುವುದು ‘ಸದ್ಯ’.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದವು. ಕಾಫಿ ತೋಟಗಳು ಮರಗಳ ಸಮೇತ ಇಳಿದುಹೋದವು. ನನ್ನ ಗೆಳತಿಯ ಅತ್ತೆ ಉಟ್ಟ ಸೀರೆಯಲ್ಲೇ ಪರಿಹಾರ ಕೇಂದ್ರ ಸೇರಿದ್ದರು. ನೋಡಲು ಹೋದವರೆಲ್ಲ, ನಾನೂ ಸೇರಿ, ಹೇಳಿದ್ದು ಒಂದೇ ಮಾತು: “ಸದ್ಯ, ಜೀವ ಉಳೀತಲ್ಲ.” ಅವರು ಪ್ರತಿ ಸಲವೂ “ಹೌದು” ಎಂದರು. ಆಮೇಲೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು, ಅಷ್ಟರಲ್ಲಿ ನಾವು ಬಿಸ್ಕತ್ತಿನ ಪೊಟ್ಟಣ ಕೈಗಿಟ್ಟು ಎದ್ದಿರುತ್ತಿದ್ದೆವು.

ಅದು ಸುಳ್ಳು ಮಾತಲ್ಲ. ಜೀವ ಉಳಿದದ್ದು ದೊಡ್ಡದೇ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಅನುಭವಿಸಿದವರ ಬಾಯಲ್ಲಿ ‘ಸದ್ಯ’ ಬಿಟ್ಟ ಉಸಿರು. ನೋಡಲು ಬಂದವರು ಅವಸರದಲ್ಲಿ ಆಡಿದರೆ ಮುಚ್ಚಿದ ಬಾಗಿಲು. “ಉಳೀತಲ್ಲ” ಎಂಬುದರ ಆ ‘ಅಲ್ಲ’ವನ್ನು ಗಮನಿಸಿ. ಇನ್ನೇನು ಬೇಕು ನಿನಗೆ ಎಂಬ ಸಣ್ಣ ಗದರಿಕೆ ಅದರಲ್ಲಿ ಅಡಗಿ ಕುಳಿತಿರುತ್ತದೆ. ಅತ್ತವರು ಉಪಕಾರ ಮರೆತವರಂತೆ ಕಾಣುತ್ತಾರೆಂಬ ಭಯಕ್ಕೆ ಎಷ್ಟೋ ಜನ ಅಳುವುದನ್ನೇ ಬಿಡುತ್ತಾರೆ.

ಅಪಾಯ ಕಳೆದರೂ ಮೈ ಅದನ್ನು ನಂಬುವುದಿಲ್ಲ. ಸದ್ದಿಗೆ ಬೆಚ್ಚುವುದು, ನಿದ್ದೆ ಬಾರದಿರುವುದು, ಕಂಡದ್ದೇ ಮತ್ತೆ ಕಣ್ಣಮುಂದೆ ಬರುವುದು ತಿಂಗಳು ದಾಟಿಯೂ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಜ್ಞರು 1984ರ ಭೋಪಾಲ್ ಅನಿಲ ದುರಂತದಿಂದ 2004ರ ಸುನಾಮಿವರೆಗೆ ಬದುಕುಳಿದವರ ನಡುವೆ ಕೆಲಸ ಮಾಡಿದವರು. ಮನಸ್ಸಿನ ತೊಂದರೆಗಳಿಗೆಂದೇ 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆ ಅತ್ತೆ ಈಗ ಬೇರೆ ಕಡೆ ಇದ್ದಾರೆ. ಹೊಸ ಮನೆಯ ಜಗಲಿಯಲ್ಲಿ ಗುಲಾಬಿ ಬೆಳೆಸಿದ್ದಾರೆ, ಮೊಮ್ಮಗನ ಮಾತು ಹೇಳುವಾಗ ಮುಖ ಅರಳುತ್ತದೆ. ಜೂನ್ ಬಂತೆಂದರೆ ಮನೆಪತ್ರಗಳ ಚೀಲ ಬಾಗಿಲ ಹತ್ತಿರ ಬಂದು ಕೂರುತ್ತದೆ. ಹೇಗಿದ್ದೀರಿ ಅತ್ತೆ ಎಂದು ಕೇಳಿದೆ. “ಸದ್ಯಕ್ಕೆ ಪರವಾಗಿಲ್ಲಮ್ಮ” ಎಂದರು.

ಸದ್ಯಕ್ಕೆ! ಪದದ ಹಳೆಯ ಅರ್ಥವನ್ನು ಅವರು ಮರಳಿ ತಂದಿದ್ದರು. ಈ ಹೊತ್ತಿಗೆ ಸಮಾಧಾನ ಉಂಟು. ರಾತ್ರಿ ಮಳೆ ಜೋರಾದರೆ ಹೇಗೋ, ಆ ಮಾತು ಬೇರೆ. ಗುಲಾಬಿ, ಚೀಲ ಎರಡಕ್ಕೂ ಅದರಲ್ಲಿ ಜಾಗವಿತ್ತು.

ನೀವೂ ಯಾರನ್ನಾದರೂ ನೋಡಲು ಹೋದಾಗ “ಸದ್ಯ” ಎನ್ನಿ, ತಪ್ಪಿಲ್ಲ. ಆದರೆ ಅಂದ ಕೂಡಲೇ ಏಳಬೇಡಿ. ಅವರು “ಹೌದು” ಎಂದ ಮೇಲೆ ಇನ್ನೇನೋ ಹೇಳುವುದಿರುತ್ತದೆ.