ಚೆನ್ನಮ್ಮ

ದಾರಿಯಲ್ಲಿ ಸಿಕ್ಕವರನ್ನು ‘ಚೆನ್ನಾಗಿದ್ದೀರಾ?’ ಎಂದು ವಿಚಾರಿಸುವಾಗ ಈ ಹೆಸರಿನ ಅರ್ಧ ಆಗಲೇ ನಾಲಗೆಯ ಮೇಲಿರುತ್ತದೆ. ‘ಚೆನ್ನ’ ಅಂದರೆ ಅಂದ, ಸೊಗಸು, ಒಳ್ಳೆಯದು. ಸಂಸ್ಕೃತದಿಂದ ತಂದ ಸಾಲವಲ್ಲ, ದ್ರಾವಿಡ ಮೂಲದ ಮಾತು. ತೆಲುಗಿನಲ್ಲೂ ‘ಚೆನ್ನು’ ಎಂದರೆ ಚೆಲುವು. ಅದಕ್ಕೆ ‘ಅಮ್ಮ’ ಸೇರಿ ಚೆನ್ನಮ್ಮ. ಧಾರವಾಡದ ಕಡೆ ಬಾಯಲ್ಲಿ ಚೆನ್ನವ್ವ. ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಲ್ಲಿರುವುದೂ ಇದೇ ಚೆನ್ನ. ಚಿನ್ನಕ್ಕೂ ಇದಕ್ಕೂ ನಂಟು ಕಟ್ಟುವವರಿದ್ದಾರೆ, ಅದು ಬೇರೆಯೇ ಪದ.

ತಮಾಷೆಯೆಂದರೆ, ಇಷ್ಟು ಮೆದುವಾದ ಹೆಸರು ಕೇಳಿದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕತ್ತಿ: ಔರಂಗಜೇಬನಿಗೆ ಜಗ್ಗದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕೆಳದಿಯ ರಾಣಿ, 1824ರಲ್ಲಿ ಕಂಪನಿ ಸರ್ಕಾರದ ಎದುರು ನಿಂತ ಕಿತ್ತೂರಿನ ರಾಣಿ. ಈಗ ತೊಟ್ಟಿಲಿಗೆ ಈ ಹೆಸರು ಬರುವುದು ಅಪರೂಪ. ಅಜ್ಜಿಯ ಹೆಸರೇ ಆಗಬೇಕೆಂದರೆ ಶಾಲೆಯ ದಾಖಲೆಯಲ್ಲಿ ‘ಚೇತನಾ’ ಎಂದು ಬರೆಸಿ, ಅಡುಗೆಮನೆಯಲ್ಲಷ್ಟೇ ‘ಏ ಚೆನ್ನೀ’ ಎನ್ನುತ್ತಾರೆ.